ಟಿವಿ ಹನುಮಂತನ ವೇಷ ಮನೆಯಲ್ಲೇ, ಕಡಿಮೆ ಖರ್ಚಿನಲ್ಲಿ

ಛದ್ಮವೇಷ ಸ್ಪರ್ಧೆಯ ಚೀಟಿ ಶಾಲೆಯಿಂದ ಬಂತೆಂದರೆ ಕೊಪ್ಪಳ, ಗಂಗಾವತಿ ಕಡೆ ಹನುಮಂತನ ಹೆಸರು ಬಾರದೆ ಇರುವುದಿಲ್ಲ. ಹನುಮ ಹುಟ್ಟಿದ ಜಾಗವೆಂದು ನಂಬುವ ಅಂಜನಾದ್ರಿ ಬೆಟ್ಟ ಕಣ್ಣೆದುರೇ ಇದೆಯಲ್ಲ! ಆದರೆ ಮಕ್ಕಳು ಕೇಳುವುದು ಟಿವಿಯ ಹನುಮಂತನನ್ನು. 1987ರಲ್ಲಿ ದೂರದರ್ಶನದಲ್ಲಿ ಶುರುವಾಗಿ, 2020ರ ಲಾಕ್‌ಡೌನ್‌ನಲ್ಲಿ ಮತ್ತೆ ಪ್ರಸಾರವಾದ ‘ರಾಮಾಯಣ’ ಧಾರಾವಾಹಿಯಲ್ಲಿ ದಾರಾ ಸಿಂಗ್ ಹಾಕಿದ್ದ ವೇಷವನ್ನು ಗಮನಿಸಿ ನೋಡಿ. ಇಡೀ ಮುಖ ಮುಚ್ಚುವ ಮುಖವಾಡ ಅಲ್ಲಿಲ್ಲ. ಬಾಯಿಯ ಸುತ್ತ ಮೂತಿ ಉಬ್ಬಿದೆ, ಕಣ್ಣು ಬಯಲಾಗಿದೆ. ಮನೆಯಲ್ಲಿ ಮಾಡುವವರಿಗೂ ಅದೇ ದಾರಿ ಒಳ್ಳೆಯದು. ಅಂಗಡಿಯ ಪ್ಲಾಸ್ಟಿಕ್ ಮುಖವಾಡದೊಳಗೆ ಮಗುವಿಗೆ ವೇದಿಕೆಯ ಮೆಟ್ಟಿಲು ಕಾಣುವುದಿಲ್ಲ, ಹೇಳಿದ ಮಾತು ಹೊರಗೆ ಕೇಳಿಸುವುದಿಲ್ಲ.

ಇಲ್ಲಿನ ಅಳತೆಗಳು 7–8 ವರ್ಷದ ಮಗುವಿಗೆ. ಸ್ಪರ್ಧೆಗೆ ಆರು ದಿನ ಮೊದಲೇ ಕೈಹಚ್ಚಿ. ಕೆಲಸ ಹೆಚ್ಚಿಲ್ಲ, ಒಣಗಲು ಸಮಯ ಬೇಕು.

ಮೊದಲು ಅಂಟು

ಕೊಪ್ಪಳ ಹತ್ತಿರದ ಕಿನ್ನಾಳದ ಚಿತ್ರಗಾರರು ಗೊಂಬೆ ಮಾಡಲು ಬಳಸುವ ಹುಣಸೆ ಬೀಜದ ಅಂಟು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಬೀಜ ಹುರಿದು, ಕುಟ್ಟಿ, ಕೆಂಪು ಸಿಪ್ಪೆ ತೆಗೆದು, ಬಿಳಿ ಬೇಳೆಯನ್ನು ರಾತ್ರಿ ನೆನೆಸಿ ನುಣ್ಣಗೆ ರುಬ್ಬಿ. ಒಂದು ಬಟ್ಟಲು ಹಿಟ್ಟಿಗೆ ಸುಮಾರು ಎಂಟು ಬಟ್ಟಲು ನೀರು ಹಾಕಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತ ಗಂಜಿಯ ಹದಕ್ಕೆ ತನ್ನಿ. ಹುಳ ಹಿಡಿಯಬಾರದೆಂದು ಅಂಟಿಗೆ ಮೈಲುತುತ್ತ ಬೆರೆಸುವುದುಂಟು. ಅದು ವಿಷ, ಮಗುವಿನ ಬಾಯಿಗೆ ತಾಗುವ ಮೂತಿಗೆ ಬೇಡವೇ ಬೇಡ. ಬೀಜ ಸಿಗದಿದ್ದರೆ ಮೈದಾ ಅಂಟು ಸಾಕು, ಒಣಗಿದ ಮೇಲೆ ಅಷ್ಟು ಗಟ್ಟಿ ಬರುವುದಿಲ್ಲ, ಅಷ್ಟೆ.

ಗದೆ

ಬಲೂನನ್ನು ಎಂಟು ಇಂಚು ಅಗಲಕ್ಕೆ ಊದಿ. ಹಳೇ ಪೇಪರನ್ನು ಎರಡು ಬೆರಳಗಲದ ಪಟ್ಟಿಗಳಾಗಿ ಕೈಯಲ್ಲೇ ಹರಿಯಿರಿ. ಕತ್ತರಿಯಿಂದ ಕತ್ತರಿಸಿದ ಅಂಚು ಬಣ್ಣ ಹಚ್ಚಿದ ಮೇಲೂ ಗೆರೆಯಾಗಿ ಎದ್ದು ಕಾಣುತ್ತದೆ. ದಿನಕ್ಕೊಂದರಂತೆ ನಾಲ್ಕು ಪದರ ಹಾಕಿ, ನೆರಳಲ್ಲಿ ಫ್ಯಾನಿನ ಕೆಳಗೆ ಒಣಗಿಸಿ. ರಾಯಚೂರು, ಬಳ್ಳಾರಿಯ ಬಿಸಿಲಿಗೆ ಇಟ್ಟರೆ ಬೇಗ ಒಣಗುತ್ತದೆ ಅನಿಸುವುದು ಸಹಜ. ಆದರೆ ಬಿಸಿಗೆ ಬಲೂನು ಹಿಗ್ಗಿ ಹಸಿ ಕಾಗದ ಸೀಳುತ್ತದೆ, ಸಂಜೆ ಕುಗ್ಗಿದಾಗ ಒಳಪದರ ಕಳಚಿಕೊಳ್ಳುತ್ತದೆ.

ಹಿಡಿಗೆ ವೈರಿಂಗಿನ ಮುಕ್ಕಾಲಿಂಚು ಪೈಪು, ಎರಡು ಅಡಿ. ಗೋಳದ ಕೆಳಗಿನ ತೂತಿನಿಂದ ತೂರಿಸಿ ಮೇಲ್ಭಾಗದಿಂದ ಒಂದಿಂಚು ಹೊರಬರಲಿ. ಎರಡೂ ಕಡೆ ಅಂಟು ಹಚ್ಚಿದ ಕಾಗದದಿಂದ ಬಿಗಿಯಿರಿ. ಕೆಳಗೆ ಮಾತ್ರ ಅಂಟಿಸಿದ ಗದೆ ಎರಡು ಸಲ ಬೀಸುವುದರೊಳಗೆ ಕುತ್ತಿಗೆ ಮುರಿದುಕೊಳ್ಳುತ್ತದೆ. ಹೊರಬಂದ ತುದಿಯೇ ಮೇಲಿನ ಕಳಶ. ಚಿನ್ನದ ಬಣ್ಣವನ್ನು ಪೇಪರಿನ ಮೇಲೆ ನೇರ ಬಳಿದರೆ ಅಕ್ಷರ ಇಣುಕುತ್ತವೆ. ಮೊದಲು ಬಿಳಿ, ಆಮೇಲೆ ಹಳದಿ, ಕೊನೆಗೆ ಚಿನ್ನ. ಹಳದಿ ತಳವಿದ್ದರೆ ಒಂದೇ ಕೈ ಚಿನ್ನ ಸಾಕು. ದುಬಾರಿ ಬಣ್ಣ ಅರ್ಧ ಉಳಿಯುತ್ತದೆ.

ಬಾಲ

ಹೆಚ್ಚಿನ ವೇಷಗಳು ಸೋಲುವುದು ಇಲ್ಲೇ. ಸೊಂಟದ ಹಿಂದೆ ಎದ್ದು ಬಾಗಿ ನಿಲ್ಲಬೇಕಾದ ಬಾಲ ವೇದಿಕೆ ಹತ್ತುವ ಹೊತ್ತಿಗೆ ಜೋತುಬಿದ್ದಿರುತ್ತದೆ. ದೋಷ ತಂತಿಯದಲ್ಲ, ಬುಡದ್ದು. ಬೆಲ್ಟಿಗೆ ಒಂದೇ ಕಡೆ ಕಟ್ಟಿದರೆ ಭಾರಕ್ಕೆ ಬೆಲ್ಟೇ ತಿರುಚಿಕೊಳ್ಳುತ್ತದೆ.

10 ಗೇಜಿನ ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿ ಮೂರು ಮೀಟರ್ ತನ್ನಿ. ನಡುವೆ ಮಡಚಿ ಎರಡೆಳೆ ಸೇರಿಸಿ ಹುರಿ ಮಾಡಿ. ಮಡಚಿದ ದುಂಡನೆಯ ಭಾಗ ಬಾಲದ ತುದಿಗೆ ಬರಲಿ, ಆಗ ಇನ್ನೊಂದು ಮಗುವಿನ ಕಣ್ಣಿಗೆ ಚೂಪಾದ ತಂತಿ ಚುಚ್ಚುವ ಭಯವಿಲ್ಲ. ಬಿಡಿ ತುದಿಗಳನ್ನು ಎಡಕ್ಕೆ, ಬಲಕ್ಕೆ ಬಾಗಿಸಿ, ರಟ್ಟಿನಾಚೆ ಚಾಚದಂತೆ ಚೂಪು ಒಳಗೆ ಮಡಚಿ, ಎರಡು ಪದರ ರಟ್ಟಿನ ಹಲಗೆಗೆ (8×6 ಇಂಚು) ದಬ್ಬಣದಿಂದ ಎಂಟು ಕಡೆ ಹೊಲಿಯಿರಿ. ಹಲಗೆಗೆ ಹಳೇ ಬಟ್ಟೆಯ ನಾಲ್ಕು ಪಟ್ಟಿ: ಎರಡು ಸೊಂಟಕ್ಕೆ, ಎರಡು ಶಾಲೆಯ ಚೀಲದಂತೆ ಹೆಗಲಿಗೆ. ಅಂಗಿಯ ಒಳಗೆ ಕಟ್ಟಿ, ಬಾಲವನ್ನು ಹಿಂದಿನ ಸೀಳಿನಿಂದ ಹೊರತನ್ನಿ. ತಂತಿಗೆ ಹಳೇ ಸೀರೆಯ ಪಟ್ಟಿ ಸುತ್ತಿ, ಮೇಲೆ ಕಂದು ಲೆಗ್ಗಿಂಗ್‌ನ ಒಂದು ಕಾಲು ತೊಡಿಸಿದರೆ ಸುಕ್ಕಿಲ್ಲದ ಬಾಲ ಸಿದ್ಧ. ಹತ್ತಿ ತುಂಬಬೇಡಿ, ತೂಕ ಏರುತ್ತದೆ.

ಮೂತಿ

ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಮೂರು ಪದರ ಮಾಡಿ ಮಗುವಿನ ಮೂಗಿನ ಕೆಳಗಿನಿಂದ ಗಲ್ಲದವರೆಗೆ ಮೆಲ್ಲಗೆ ಒತ್ತಿ. ಮೂಗಿನ ಹೊಳ್ಳೆ ಮುಚ್ಚಬಾರದು. ಆಕಾರ ಬಂದೊಡನೆ ತೆಗೆದು, ಒಳಗೆ ಹಸಿಮಣ್ಣು ತುಂಬಿ ಮಗುಚಿಡಿ. ಮೇಲೆ ಪೇಪರಿನ ಉಂಡೆ ಇಟ್ಟು ತುಟಿ, ಕೆನ್ನೆ ಉಬ್ಬಿಸಿ, ಮೂರು ಪದರ ಕಾಗದ ಹಚ್ಚಿ. ಒಣಗಿದ ಮೇಲೆ ಮಣ್ಣು, ಫಾಯಿಲ್ ತೆಗೆದು ಬಾಯಿಗೆ ಒಂದೂವರೆ ಇಂಚು ಕಿಂಡಿ ಕೊರೆಯಿರಿ. ಕಿಂಡಿ ಚಿಕ್ಕದಾದರೆ ದನಿ ಒಳಗೇ ಗುಂಯ್ಗುಡುತ್ತದೆ. ಒಳಗೆ ಹತ್ತಿ ಬಟ್ಟೆ ಅಂಟಿಸಿ, ಎಲಾಸ್ಟಿಕ್ ಅನ್ನು ತೂತಿಗೆ ಗಂಟು ಹಾಕಿ. ಗ್ಲೂಗನ್ ನಂಬಬೇಡಿ, ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಆ ಅಂಟು ಮೆತ್ತಗಾಗಿ ಬಿಟ್ಟುಕೊಳ್ಳುತ್ತದೆ.

ಉಳಿದ ಮುಖಕ್ಕೆ ಸಿಂಧೂರ ಬಳಿಯಬೇಡಿ, ಕೆಲವು ಸಿಂಧೂರದಲ್ಲಿ ಸೀಸ ಇರುತ್ತದೆ. ನೀರಿನಲ್ಲಿ ತೊಳೆದುಹೋಗುವ ಫೇಸ್ ಪೇಂಟ್ ತಂದು, ಹಿಂದಿನ ರಾತ್ರಿ ಮೊಣಕೈ ಒಳಭಾಗಕ್ಕೆ ಹಚ್ಚಿ ನೋಡಿ. ಕೆರೆತ, ಕೆಂಪು ಕಂಡರೆ ಬಿಟ್ಟುಬಿಡಿ.

ಕಿರೀಟಕ್ಕೆ ಚಿನ್ನದ ಬಣ್ಣದ ಚಾರ್ಟ್ ಸಾಕು: ತಲೆ ಸುತ್ತಳತೆಗೆ ಎರಡು ಸೆಂಟಿಮೀಟರ್ ಸೇರಿಸಿ, ಒಳಗೆ ಬಟ್ಟೆಪಟ್ಟಿ. ಬಟ್ಟೆಗೆ ಸ್ಯಾಟಿನ್ ಬೇಡ, ನಮ್ಮ ಸೆಕೆಗೆ ಮೈಗಂಟುತ್ತದೆ. ಕಂದು ಕಾಟನ್ ಟೀ ಶರ್ಟ್, ಕೆಳಗೆ ಎರಡು ಮೀಟರ್ ಕೇಸರಿ ಕಾಟನ್ನಿನ ಕಚ್ಚೆ. ಕಚ್ಚೆಯನ್ನು ಕಟ್ಟುವ ಬದಲು ನೆರಿಗೆ ಹಿಡಿದು ಎಲಾಸ್ಟಿಕ್ ಸೊಂಟಪಟ್ಟಿಗೆ ಹೊಲಿದುಬಿಡಿ. ಸರದಿ ಬರುವ ಹತ್ತು ನಿಮಿಷ ಮೊದಲು ಮಗು ಬಾತ್‌ರೂಮಿಗೆ ಹೋಗಬೇಕು ಅಂದರೆ ಬಾಲ ಬಿಚ್ಚದೆ ಕಚ್ಚೆ ಮಾತ್ರ ಇಳಿಸಬಹುದು.