ಬ್ಯಾಟರಿ ಸೋರಿದ ಹಳೇ ಸಿಂಥಸೈಜರ್: ಸೋಡಾ ಬೇಡ, ವಿನಿಗರ್ ತನ್ನಿ

ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದ ಗೆಳೆಯರೊಬ್ಬರು ತಮ್ಮ ಕೋರ್ಗ್ ಕಂಪನಿಯ ಪಾಲಿಸಿಕ್ಸ್ ಸಿಂಥಸೈಜರ್ (ಸಿಂಥ್) ಹೊತ್ತು ತಂದು ನನ್ನ ಮೇಜಿನ ಮೇಲಿಟ್ಟರು. "ಬ್ಯಾಟರಿ ಸೋರಿತ್ತು, ನಾನೇ ಕ್ಲೀನ್ ಮಾಡ್ದೆ ಸಾರ್. ಆಮೇಲೆ ಇನ್ನೂ ಜಾಸ್ತಿ ಕೆಟ್ಟೋಯ್ತು" ಅಂದರು. ಮುಚ್ಚಳ ಬಿಚ್ಚಿ ನೋಡಿದರೆ ಬೋರ್ಡಿನ ಒಂದು ಮೂಲೆಯಲ್ಲಿ ಅಡುಗೆ ಸೋಡಾ ಒಣಗಿ ಕೂತಿತ್ತು, ದೋಸೆ ಕಾವಲಿಯ ಅಂಚಿಗೆ ಹಿಟ್ಟು ಹತ್ತಿಕೊಂಡ ಹಾಗೆ. ಇಂಥ ಸೋಡಾ ಕೇಸು ನನಗೆ ಇದು ಮೂರನೆಯದು. ಹಾಗಾಗಿ ಈ ಲೇಖನ.

ಪಾಲಿಸಿಕ್ಸ್ 1981ರಲ್ಲಿ ಜಪಾನಿನಿಂದ ಬಂದ ಅನಲಾಗ್ ಸಿಂಥ್. ಒಮ್ಮೆಗೆ ಆರು ಸ್ವರ ನುಡಿಸುತ್ತದೆ, 32 ಧ್ವನಿಗಳನ್ನು ನೆನಪಿಟ್ಟುಕೊಳ್ಳುತ್ತದೆ. ಆ ನೆನಪು ಉಳಿಯಲಿ ಅಂತ ಒಳಗಿನ ಕೆಎಲ್‌ಎಂ-367 ಬೋರ್ಡಿನ ಮೇಲೆ ಒಂದು ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಬೆಸುಗೆ ಹಾಕಿ ಕೂರಿಸಿದ್ದಾರೆ. ನಲವತ್ತು ವರ್ಷ ದಾಟಿದ ಮೇಲೆ ಅದು ಸೋರದೆ ಇನ್ನೇನು ಮಾಡುತ್ತೆ? ಇದೇ ಬೋರ್ಡಿನಲ್ಲಿ ಸಿಂಥಿನ ಮೆದುಳೂ ಇದೆ. ಹಾಗಾಗಿ ಸೋರಿಕೆ ಮೆಮೊರಿಯನ್ನಷ್ಟೇ ಅಲ್ಲ, ಕೀಗಳನ್ನೂ ಪ್ಯಾನಲ್ಲನ್ನೂ ಕೆಡಿಸುತ್ತದೆ.

ಹಂತ 1: ಪ್ಲಗ್ ಹಾಕಬೇಡಿ

"ಒಂದ್ಸಲ ಆನ್ ಮಾಡಿ ನೋಡೋಣ" ಅನ್ನುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಸೋರಿದ ದ್ರವ ವಿದ್ಯುತ್ ಹರಿಸುತ್ತದೆ. ಇನ್ನೊಂದು ಮಾತು: ಜಪಾನಿನಲ್ಲಿ ಮಾರಿದ ಸಿಂಥ್ 100 ವೋಲ್ಟಿನದು. ಹಿಂಭಾಗದ ಲೇಬಲ್ ಓದದೆ ನಮ್ಮ 230 ವೋಲ್ಟಿಗೆ ಸಿಕ್ಕಿಸಿದರೆ ರಿಪೇರಿ ಮಾಡೋಕೂ ಏನೂ ಉಳಿಯಲ್ಲ.

ಹಂತ 2: ಬ್ಯಾಟರಿ ಕಿತ್ತುಹಾಕಿ

ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ. ಕಟ್ಟರ್‌ನಿಂದ ಬ್ಯಾಟರಿಯ ಕಾಲು ಕತ್ತರಿಸಿ, ಉಳಿದ ತುಂಡುಗಳನ್ನು ಆಮೇಲೆ ಒಂದೊಂದಾಗಿ ಬಿಸಿ ಮಾಡಿ ತೆಗೆಯಿರಿ. ಇಡೀ ಬ್ಯಾಟರಿ ಹಿಡಿದು ಎಳೆದರೆ ಅದನ್ನು ಬೆಸೆದಿರುವ ತಾಮ್ರದ ಬಿಲ್ಲೆ (ಪ್ಯಾಡ್) ಕೂಡ ಕಿತ್ತು ಬರುತ್ತದೆ. ಕ್ಯಾಡ್ಮಿಯಂ ವಿಷ. ಕಸದ ಬುಟ್ಟಿಗೆ ಹಾಕದೆ ಇ-ತ್ಯಾಜ್ಯಕ್ಕೆ ಕೊಡಿ.

ಹಂತ 3: ತೊಳೆಯುವುದು

ಎಲ್ಲರೂ ಎಡವುವುದು ಇಲ್ಲೇ. ಬ್ಯಾಟರಿ ಅಂದರೆ ಆಸಿಡ್ ಅಂತ ತಲೆಯಲ್ಲಿ ಕೂತಿದೆ. ಕಾರಿನ ಬ್ಯಾಟರಿಗೆ ಆ ಮಾತು ಸರಿ, ಅದಕ್ಕೆ ಸೋಡಾ ಹಾಕುವುದೂ ಸರಿ. ನಿಕಲ್-ಕ್ಯಾಡ್ಮಿಯಂನಿಂದ ಸೋರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದರೆ ಕ್ಷಾರ. ಸೋಡಾ ಕೂಡ ಕ್ಷಾರವೇ ಅಲ್ವಾ? ಅದನ್ನು ಸುರಿದರೆ ಏನೂ ಶಮನವಾಗುವುದಿಲ್ಲ. ಬೇಕಾಗಿರುವುದು ಹುಳಿ. ತಾಮ್ರದ ಚೊಂಬನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತೇವಲ್ಲ, ಇಲ್ಲೂ ಕೆಲಸ ಮಾಡುವುದು ಹುಳಿಯೇ. ಹಾಗಂತ ಬೋರ್ಡಿಗೆ ಹುಣಸೆ ರಸ ಹಚ್ಚಬೇಡಿ, ಅಂಟು ಉಳಿಯುತ್ತೆ. ನಿಂಬೆಹಣ್ಣೂ ನನಗೆ ಇಷ್ಟವಿಲ್ಲ. ಅಡುಗೆಗೆ ಬಳಸುವ ಬಿಳಿ ವಿನಿಗರ್ ಸಾಕು.

ಹಳೇ ಟೂತ್‌ಬ್ರಶ್ಶನ್ನು ವಿನಿಗರಿನಲ್ಲಿ ಅದ್ದಿ ಕಲೆಯ ಮೇಲೆ ಮೆಲ್ಲಗೆ ತಿಕ್ಕಿ. ಬಿಳಿ ಪುಡಿ ಇದ್ದಲ್ಲಿ ಸಣ್ಣಗೆ ನೊರೆ ಏಳುತ್ತದೆ. ನೊರೆ ನಿಲ್ಲುವ ತನಕ ಮುಂದುವರಿಸಿ. ಆಮೇಲೆ ಡಿಸ್ಟಿಲ್ಡ್ ವಾಟರ್‌ನಲ್ಲಿ ಎರಡು ಸಲ ತೊಳೆಯಿರಿ. ವಿನಿಗರ್ ಉಳಿದರೆ ಅದೂ ತಾಮ್ರವನ್ನು ತಿನ್ನುತ್ತದೆ. ಕೊನೆಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ, ಫ್ಯಾನ್ ಕೆಳಗೆ ಒಂದು ದಿನ ಒಣಗಿಸಿ. ಥಿನ್ನರ್ ಬೇಡವೇ ಬೇಡ, ಪ್ಲಾಸ್ಟಿಕ್ ಕರಗುತ್ತೆ. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಹೊಡೆದು ತರುವವರೂ ಇದ್ದಾರೆ. ಆ ಜಿಡ್ಡು ತೆಗೆಯೋಕೇ ನನಗೆ ಅರ್ಧ ದಿನ ಬೇಕು.

ಹಂತ 4: ಹಸಿರು ಪದರದ ಕೆಳಗೆ ನೋಡಿ

ತೊಳೆದ ಬೋರ್ಡ್ ಫಳಫಳ ಅನ್ನುತ್ತದೆ. ನಂಬಬೇಡಿ. ಕ್ಷಾರ ಬೋರ್ಡಿಗೆ ಬಳಿದ ಹಸಿರು ಪದರದ ಅಡಿಯಲ್ಲಿ, ಟ್ರ್ಯಾಕಿನ (ತಾಮ್ರದ ಗೆರೆಯ) ಗುಂಟ ತೆವಳಿಕೊಂಡು ಹೋಗಿರುತ್ತದೆ. ಟೇಬಲ್ ಲ್ಯಾಂಪನ್ನು ಓರೆಯಾಗಿ ಹಿಡಿದು, ವಾಚ್ ರಿಪೇರಿಯವರ ಲೂಪ್ ಕಣ್ಣಿಗೆ ಹಾಕಿಕೊಂಡು ನೋಡಿ. ಚೆನ್ನಾಗಿರುವ ಟ್ರ್ಯಾಕ್ ತಿಳಿ ಹಸಿರು. ಕೆಟ್ಟದ್ದು ಕಪ್ಪು ಗೆರೆ, ಅಲ್ಲಲ್ಲಿ ಗುಳ್ಳೆ ಎದ್ದಿರುತ್ತದೆ. ಆ ಗುಳ್ಳೆಯನ್ನು ಸೂಜಿ ತುದಿಯಿಂದ ಮುಟ್ಟಿದರೆ ಪದರ ಹೊಟ್ಟಿನ ಹಾಗೆ ಏಳುತ್ತದೆ. ಒಳಗೆ ತಾಮ್ರದ ಬದಲು ಹಸಿರು ಪುಡಿ.

ಕಪ್ಪಾದಷ್ಟು ಉದ್ದಕ್ಕೂ ಫೈಬರ್‌ಗ್ಲಾಸ್ ಪೆನ್‌ನಿಂದ ಕೆರೆಯಿರಿ, ಹೊಸ ತಾಮ್ರದ ಬಣ್ಣ ಕಾಣುವವರೆಗೆ. ಒದ್ದೆ ಮಾಡಿಕೊಂಡು ಕೆರೆಯಿರಿ, ಇಲ್ಲದಿದ್ದರೆ ಆ ಗಾಜಿನ ಎಳೆ ಎರಡು ದಿನ ಬೆರಳಲ್ಲಿ ಚುಚ್ಚುತ್ತಿರುತ್ತದೆ. ಕೆರೆದ ಕೂಡಲೇ ರೋಸಿನ್ ಫ್ಲಕ್ಸ್ (ಬೆಸುಗೆ ಹಿಡಿಸುವ ರಾಳ) ಹಚ್ಚಿ ತೆಳ್ಳಗೆ ಸೋಲ್ಡರ್ ಲೇಪಿಸಿ. ಸೋಲ್ಡರ್ ಮಣಿಯಾಗಿ ಉರುಳಿದರೆ ಇನ್ನೂ ಕೊಳೆ ಇದೆ ಅಂತ ಅರ್ಥ, ಮತ್ತೆ ಕೆರೆಯಿರಿ. ಅದರ ಮೇಲೇ ಸೋಲ್ಡರ್ ಗುಡ್ಡೆ ಹಾಕಿ ಮುಚ್ಚಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಪ್ಲಂಬರ್‌ಗಳ ಆಸಿಡ್ ಪೇಸ್ಟ್ ಅಂತೂ ಈ ಕೆಲಸಕ್ಕೆ ಮುಟ್ಟಲೇಬೇಡಿ. ಒಂದು ಸೋರಿಕೆ ತೆಗೆದು ಇನ್ನೊಂದು ಸುರಿದ ಹಾಗೆ.

ಬೋರ್ಡಿನ ಎರಡೂ ಮುಖ, ಐಸಿಗಳ (ಚಿಪ್‌ಗಳ) ಕಾಲು, ಕನೆಕ್ಟರ್ ಪಿನ್ನು ಎಲ್ಲ ನೋಡಿ. ವೈರ್ ಕೂಡ! ದ್ರವ ದೀಪದ ಬತ್ತಿಗೆ ಎಣ್ಣೆ ಏರುವ ಹಾಗೆ ವೈರಿನೊಳಗೆ ಏರುತ್ತದೆ. ತುದಿ ಸುಲಿದಾಗ ಎಳೆಗಳು ಕಪ್ಪಗಿದ್ದರೆ ಆ ವೈರ್ ಬದಲಿಸಿ.

ಹಂತ 5: ಅಳೆಯಿರಿ, ಜಂಪರ್ ಹಾಕಿ

ಸರ್ವಿಸ್ ಮ್ಯಾನ್ಯುಯಲ್ಲಿನ ಸರ್ಕ್ಯೂಟ್ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ. ಬ್ಯಾಟರಿ ಸುತ್ತಲಿನ ಒಂದೊಂದೇ ಗೆರೆಯನ್ನು ಮಲ್ಟಿಮೀಟರಿನಲ್ಲಿ ನೋಡಿ, ಸರಿಯಿದ್ದದ್ದಕ್ಕೆ ಕೆಂಪು ಪೆನ್ಸಿಲ್ಲಿನಲ್ಲಿ ಗುರುತು ಹಾಕಿ. ಬೀಪ್ ಕೇಳಿಸಿತು ಅಂತ ಸುಮ್ನಾಗಬೇಡಿ. ಬಹಳ ಮೀಟರುಗಳು ಹತ್ತಿಪ್ಪತ್ತು ಓಮ್ ಇದ್ದರೂ ಬೀಪ್ ಅನ್ನುತ್ತವೆ. ಅಂಕಿ ಓದಿ, ಒಂದು ಓಮ್ ಒಳಗಿರಬೇಕು.

ಕಡಿದ ಟ್ರ್ಯಾಕಿಗೆ ಜಂಪರ್ ಆಗಿ ಸಣ್ಣ ವ್ರ್ಯಾಪಿಂಗ್ ವೈರ್ ಹಾಕಿ. ಬೆಂಗಳೂರಿನವರು ಎಸ್‌.ಪಿ. ರೋಡಿನಲ್ಲಿ ವಿಚಾರಿಸಿ. ಟ್ರ್ಯಾಕಿನ ನಡುವೆ ತೇಪೆ ಹಚ್ಚುವುದು ನನಗೆ ಒಗ್ಗುವುದಿಲ್ಲ. ಈ ಪ್ಯಾಡಿನಿಂದ ಆ ಪ್ಯಾಡಿಗೆ ನೇರ ವೈರ್ ಎಳೆಯಿರಿ.

ಹಂತ 6: ಹೊಸ ಬ್ಯಾಟರಿ

ನಾನು ಹಾಕುವುದು ಸಿಆರ್2032 ಬಟನ್ ಸೆಲ್, ಹೋಲ್ಡರ್ ಸಮೇತ. ಹೋಲ್ಡರನ್ನು ಬೋರ್ಡಿನಿಂದ ದೂರ, ಕ್ಯಾಬಿನೆಟ್ಟಿಗೆ ಅಂಟಿಸಿ. ಆದರೆ ಹುಷಾರು: ಹಳೆಯದು ಚಾರ್ಜ್ ಆಗುವ ಬ್ಯಾಟರಿ, ಇದು ಅಲ್ಲ. ಸರ್ಕ್ಯೂಟ್ ಇದನ್ನೂ ಚಾರ್ಜ್ ಮಾಡಲು ಹೋದರೆ ಸೆಲ್ ಉಬ್ಬುತ್ತದೆ, ಸಿಡಿಯಲೂಬಹುದು. ಪ್ಲಸ್ ವೈರಿಗೆ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಶಾಟ್ಕಿ ಡಯೋಡ್ ಸೇರಿಸಿ, ಪಟ್ಟಿ ಇರುವ ತುದಿ ಬೋರ್ಡಿನ ಕಡೆಗೆ. ಹಂತ 7ರಲ್ಲಿ ಸಿಂಥ್ ಮೊದಲ ಸಲ ಆನ್ ಮಾಡುವಾಗ ಸೆಲ್ ಹಾಕಿರಬೇಡಿ. ಮೊದಲು ಖಾಲಿ ಹೋಲ್ಡರಿನ ತುದಿಗಳಿಗೆ ಮೀಟರ್ ಹಿಡಿದು ನೋಡಿ. ಅಲ್ಲಿ ನಾಲ್ಕೈದು ವೋಲ್ಟ್ ಬಂದರೆ ಡಯೋಡ್ ತಿರುಗಾ ಮುರುಗಾ ಆಗಿದೆ.

ಹಂತ 7: ಆನ್

ಎಲೆಕ್ಟ್ರಿಷಿಯನ್ನರ ಸೀರಿಸ್ ಲ್ಯಾಂಪ್ (ಕರೆಂಟಿನ ಹಾದಿಯಲ್ಲೇ ಕೂರಿಸಿದ ಬಲ್ಬ್) ಮೂಲಕವೇ ಕರೆಂಟ್ ಕೊಡಿ. ಬಲ್ಬ್ ಮಿಂಚಿ ಮಂಕಾದರೆ ಸರಿ. ಜೋರಾಗಿ ಉರಿಯುತ್ತಲೇ ಇದ್ದರೆ ತಕ್ಷಣ ಆರಿಸಿ. ಆಮೇಲೆ ಲ್ಯಾಂಪ್ ಇಲ್ಲದೆ ನೇರವಾಗಿ ಕರೆಂಟ್ ಕೊಟ್ಟು ವೋಲ್ಟೇಜುಗಳನ್ನು ಮ್ಯಾನ್ಯುಯಲ್ಲಿಗೆ ಹೋಲಿಸಿ. ಹೋಲ್ಡರ್ ಪರೀಕ್ಷೆ ಪಾಸಾದರೆ ಆರಿಸಿ, ಸೆಲ್ ಕೂರಿಸಿ, ಮತ್ತೆ ಆನ್ ಮಾಡಿ.

ಮೆಮೊರಿಯಲ್ಲಿ ಈಗ ಕಸ ತುಂಬಿರುತ್ತದೆ, ವಿಚಿತ್ರ ಸದ್ದು ಬರುತ್ತೆ. ಗಾಬರಿ ಬೇಡ. ಮ್ಯಾನ್ಯುಯಲ್ ಬಟನ್ ಒತ್ತಿ, ಪ್ಯಾನಲ್ಲಿನ ನಾಬ್‌ಗಳು ಹೇಳಿದ ಹಾಗೆ ನುಡಿಯುತ್ತದೆ. ಹಳೆಯ ಧ್ವನಿಗಳ ಕ್ಯಾಸೆಟ್ ಇದ್ದರೆ ಹಿಂದಿನ ಟೇಪ್ ಜ್ಯಾಕಿನಿಂದ ಮತ್ತೆ ತುಂಬಿಸಬಹುದು. ಕೀಗಳ ಒಂದು ಗುಂಪೇ ಸತ್ತಿದ್ದರೆ ಕೀಬೋರ್ಡ್ ಬಿಚ್ಚಲು ಹೋಗಬೇಡಿ. ಯಾವುದೋ ಒಂದು ಟ್ರ್ಯಾಕ್ ಕಣ್ಣು ತಪ್ಪಿಸಿಕೊಂಡಿದೆ, ಹಂತ 4ಕ್ಕೆ ವಾಪಸ್ ಬನ್ನಿ. ಗೆಳೆಯರ ಸಿಂಥಿನಲ್ಲಿ ಅದು ಸಿಕ್ಕಿದ್ದು ಒಂದು ಐಸಿ ಸಾಕೆಟ್ಟಿನ ಹೊಟ್ಟೆಯ ಕೆಳಗೆ, ಸಾಸಿವೆ ಕಾಳಿನಷ್ಟು ಹಸಿರು ಚುಕ್ಕೆಯಾಗಿ.