14 ದಿನದ ಆರ್ಡರ್, 10ನೇ ದಿನದ ಕೆಂಪು ಗುರುತು

ಅಮೆರಿಕದ ನರ್ಸಿಂಗ್ ಹೋಮ್‌ಗಳಲ್ಲಿ ಕೆಲಸ ಮಾಡುವವರಿಗೆ ಪಿಆರ್‌ಎನ್ (ಬೇಕಾದಾಗ ಮಾತ್ರ ಕೊಡಿ ಅಂತ ಡಾಕ್ಟರು ಬರೆಯುವ ಔಷಧಿ ಆರ್ಡರ್) ತಲೆನೋವು ಹೊಸದಲ್ಲ. ಮಾನಸಿಕ ಔಷಧಿಗಳ ಪಿಆರ್‌ಎನ್ ಆರ್ಡರ್‌ಗೆ 14 ದಿನದ ಮಿತಿ ಬಂದದ್ದು 2017ರ ನವೆಂಬರ್‌ನಲ್ಲಿ. ನಾನು ಯೂನಿಟ್ ಮ್ಯಾನೇಜರ್ ಆದಾಗ ನಮ್ಮ 60 ಹಾಸಿಗೆಗೆ ಇಂಥ ಆರ್ಡರ್ ಇಪ್ಪತ್ತೆರಡೋ ಇಪ್ಪತ್ಮೂರೋ ಇದ್ದವು. ಈಗ ಮೂರು. ಗೋಡೆಯ ಕ್ಯಾಲೆಂಡರ್ ನೋಡಿ ನಕ್ಕವರೇ ಈಗ ಅದರ ಫೋಟೋ ಕೇಳುತ್ತಾರೆ.

ಮೊದಲು ಸಾಫ್ಟ್‌ವೇರ್ ನಂಬಿ ಕೆಟ್ಟೆವು. ಅಲರ್ಟ್‌ಗೆಂದೇ ತಿಂಗಳಿಗೆ ಸುಮಾರು 300 ಡಾಲರ್. ಅದು ಬಡಿದುಕೊಳ್ಳುತ್ತಿದ್ದದ್ದು 14ನೇ ದಿನ ಬೆಳಿಗ್ಗೆ. ಅವತ್ತು ಶನಿವಾರವಾದರೆ ಡಾಕ್ಟರನ್ನು ಎಲ್ಲಿಂದ ತರೋದು? ಆತಂಕಕ್ಕೆ ಕೊಡುವ ಲೊರಾಜೆಪಾಮ್ ಆದರೆ ಕಾರಣ, ಎಷ್ಟು ದಿನ ಅಂತ ಡಾಕ್ಟರಿಂದ ಬರೆಸಿ ಮುಂದುವರಿಸಬಹುದು. ಹ್ಯಾಲೊಪೆರಿಡಾಲ್‌ನಂಥ ಆಂಟಿಸೈಕೋಟಿಕ್‌ಗೆ (ಭ್ರಮೆ, ಉನ್ಮಾದಕ್ಕೆ ಕೊಡುವ ಔಷಧಿ) ಹಾಗಲ್ಲ, ಡಾಕ್ಟರೋ ಔಷಧಿ ಬರೆಯುವ ಪ್ರಾಕ್ಟಿಷನರೋ ಖುದ್ದು ಬಂದು ನೋಡಬೇಕು. ಹಾಸ್ಪಿಸ್ (ಕೊನೆಗಾಲದ ಆರೈಕೆಯ) ರೋಗಿ ತಾನೇ, ನಡೆಯುತ್ತೆ ಅಂತ ಫೋನಿನಲ್ಲೇ ರಿನ್ಯೂ ಮಾಡಿಸಿದೆ. ನಡೆಯಲಿಲ್ಲ. ಸರ್ವೇಯಲ್ಲಿ, ಅಂದರೆ ಸರ್ಕಾರಿ ತಪಾಸಣೆಯಲ್ಲಿ, ಎಫ್758 ಅನ್ನೋ ತಪ್ಪಿನ ಕೋಡ್ ಬಿತ್ತು (ಈಗ ಎಫ್605ರಲ್ಲಿ ಬರೆಯುತ್ತಾರೆ). ತರಬೇತಿ, ಓವರ್‌ಟೈಮ್ ಎಲ್ಲ ಸೇರಿ ಏಳೆಂಟು ಸಾವಿರ ಡಾಲರ್ ಕೈಬಿಟ್ಟು ಹೋಯಿತು.

ಆಮೇಲೆ ಜಾಣತನ ಮಾಡಿ ಲೊರಾಜೆಪಾಮ್ ಬದಲು ಹೈಡ್ರಾಕ್ಸಿಜಿನ್ (ಅಲರ್ಜಿ ಔಷಧಿ) ಬರೆಸಿದೆವು. ಬದಲಿಗೆ ಕೊಟ್ಟರೆ ಅದೂ ಇದೇ ಲೆಕ್ಕಕ್ಕೆ ಅಂತ ಫಾರ್ಮಸಿಸ್ಟ್ ಕೆಂಪು ಗೆರೆ ಎಳೆದರು.

ಕೊನೆಗೆ ಮಾಡಿದ್ದು ಇಷ್ಟೇ. ಆರ್ಡರ್ ಬಂದ ದಿನವೇ ಗೋಡೆಯ ಕ್ಯಾಲೆಂಡರ್‌ನಲ್ಲಿ ಸ್ಟಾಪ್ ಡೇಟ್, ಕೆಂಪು ಗುರುತು ಮಾತ್ರ 10ನೇ ದಿನಕ್ಕೆ. ಅವತ್ತು ಎಂಎಆರ್ (ಔಷಧಿ ಕೊಟ್ಟ ದಾಖಲೆ) ತೆಗೆದು ಎಷ್ಟು ಸಲ ಕೊಟ್ಟಿದ್ದಾರೆ ಅಂತ ಎಣಿಸುತ್ತೇನೆ. ಒಂದೂ ಇಲ್ಲವಾ, ಆರ್ಡರ್ ನಿಲ್ಲಿಸಿ ಅಂತ ಡಾಕ್ಟರಿಗೆ ಚೀಟಿ. ಅರ್ಧಕ್ಕರ್ಧ ಹೀಗೇ ಉದುರಿದವು. ಸುಮ್ನೆ ಇರಲಿ ಅಂತ ಬರೆಸಿಟ್ಟವು! ಡಾಕ್ಟರು ಪ್ರತಿ ಗುರುವಾರ ತಪ್ಪದೆ ಬರುವ ಹಾಗೆ ಮಾಡಿದ್ದು ಹೇಗೆ ಅಂತ ಮಾತ್ರ ಕೇಳಬೇಡಿ. ಅದರಲ್ಲಿ ಚಕ್ಕುಲಿಯ ಪಾತ್ರ ಇದೆ, ಅಷ್ಟೇ.

ನಡುವೆ ಔಷಧಿ ತಪ್ಪಿಸಲು ಮಲಗುವ ಮುಂಚೆ ಬಿಸಿ ಹಾಲು ಕೊಟ್ಟು ನೋಡಿದೆ. ನಿದ್ದೆಗಿಂತ ಬಾತ್‌ರೂಮ್ ಬೆಲ್ಲೇ ಜಾಸ್ತಿ ಆಯ್ತು. ನೈಟ್ ಶಿಫ್ಟ್‌ನವರು ಒಂದು ವಾರಕ್ಕೇ ನಿಲ್ಲಿಸಿದರು.

10ನೇ ದಿನ ಎಣಿಸುವಾಗ ಔಷಧಿ ಜಾಸ್ತಿ ಸಲ ಕೊಟ್ಟಿದ್ದರೆ, ಯಾವ ಗಂಟೆಗೆ ಕೊಟ್ಟಿದ್ದು ಅಂತ ನೋಡುತ್ತೇನೆ. ಮೂಲೆ ರೂಮಿನ ಅಜ್ಜಿಗೆ ಹತ್ತು ದಿನದಲ್ಲಿ ಎಂಟೊಂಬತ್ತು ಸಲ ಲೊರಾಜೆಪಾಮ್, ಎಲ್ಲವೂ ಸಂಜೆ ನಾಲ್ಕರ ಆಸುಪಾಸು. ಹೋಗಿ ಪಕ್ಕದಲ್ಲಿ ಕೂತೆ. ಶಿಫ್ಟ್ ಬದಲಾಗಿ ಹೊಸ ಹುಡುಗಿ ಹಿಂದಿನಿಂದ ಬಂದು ಕೈ ಹಿಡಿದಳು, ಅಜ್ಜಿ ಕಿಟಾರನೆ ಕಿರುಚಿದರು. ಹಿಯರಿಂಗ್ ಏಡ್‌ನ ಬ್ಯಾಟರಿ ಸತ್ತು ಎಷ್ಟು ದಿನವಾಗಿತ್ತೋ. ಹೊಸ ಪ್ಯಾಕ್‌ಗೆ ಆರೇಳು ಡಾಲರ್. ಈಗ ನಾಲ್ಕು ಗಂಟೆಗೆ ಕಿರುಚಾಟವಿಲ್ಲ. ಪಕ್ಕದ ರೂಮಿನ ಟಿವಿ ಜೋರಾಯ್ತು ಅಂತ ಬೈಗುಳ ಮಾತ್ರ.