ಪಿ-ಪ್ಲೇಟ್‌ಗೆ ಹಳೇ ಕಾರು ಕೊಳ್ಳೋ ಮೊದಲು ಒಂದು ಲೆಕ್ಕ
ಮೆಲ್ಬರ್ನ್, ಸಿಡ್ನಿಯಲ್ಲಿ ಪಿ-ಪ್ಲೇಟ್ (ಹೊಸ ಚಾಲಕರ ಪ್ರೊಬೇಷನರಿ ಲೈಸೆನ್ಸ್) ಇರೋ ಮಕ್ಕಳಿಗೆ ಸೆಕೆಂಡ್ ಹ್ಯಾಂಡ್ ಕಾರು ನೋಡ್ತಿರೋರು ಅಡ್ವಾನ್ಸ್ ಕೊಡೋ ಮೊದಲು ಎಂಜಿನ್ನಿನ ಕಿಲೋವ್ಯಾಟನ್ನು ಟನ್ ಲೆಕ್ಕದ ಟೇರ್ ತೂಕದಿಂದ (ಖಾಲಿ ಕಾರಿನ ತೂಕ) ಭಾಗಿಸಿ ನೋಡಿ. 130 ದಾಟಿದರೆ ಆ ಕಾರು ಬೇಡ. 110 ಕಿಲೋವ್ಯಾಟ್, 1,300 ಕೆಜಿ ಅಂದ್ರೆ ಸುಮಾರು 85, ತೊಂದರೆಯಿಲ್ಲ. ಸಿಡ್ನಿ ಇರೋ ನ್ಯೂ ಸೌತ್ ವೇಲ್ಸ್‌ನಲ್ಲೂ, ಮೆಲ್ಬರ್ನ್ ಇರೋ ವಿಕ್ಟೋರಿಯಾದಲ್ಲಿ 2010ರಿಂದ ಈಚೆಗೆ ತಯಾರಾದ ಕಾರುಗಳಿಗೂ ಮಿತಿ ಇರೋದು ಈ ಅನುಪಾತಕ್ಕೆ; ವಿಕ್ಟೋರಿಯಾದಲ್ಲಿ ಅದಕ್ಕಿಂತ ಹಳೇ ಕಾರುಗಳಿಗೆ ನಿಯಮ ಬೇರೆ. ಟೇರ್ ಬದಲು ಜಿವಿಎಂ (ಪೂರ್ತಿ ತುಂಬಿದ ಕಾರಿಗೆ ಅನುಮತಿಸಿದ ಗರಿಷ್ಠ ತೂಕ) ಹಾಕಬೇಡಿ, ಅದರಲ್ಲಿ ಜನ, ಲಗೇಜಿನ ಭಾರವೂ ಸೇರಿರೋದ್ರಿಂದ ಉತ್ತರ ಸುಮ್ಮಸುಮ್ಮನೆ ಕಡಿಮೆ ಬರುತ್ತೆ. ಎಂಜಿನ್ ಮಾರ್ಪಾಡಾಗಿದ್ದರೆ ಈ ಲೆಕ್ಕ ನಡೆಯಲ್ಲ. ಹಿಂದಿನ ಓನರ್ ಶಕ್ತಿ ಹೆಚ್ಚಿಸೋಕೆ ಇಸಿಯು (ಎಂಜಿನ್ ನಿಯಂತ್ರಿಸೋ ಕಂಪ್ಯೂಟರ್) ಟ್ಯೂನ್ ಮಾಡಿಸಿದ್ದರೂ, ಬೇರೆ ಟರ್ಬೊ ಕೂರಿಸಿದ್ದರೂ ವಿಕ್ಟೋರಿಯಾದಲ್ಲಿ ಅನುಪಾತ ಎಷ್ಟೇ ಇರಲಿ, ಪಿ-ಪ್ಲೇಟ್‌ನವರು ಓಡಿಸೋ ಹಾಗಿಲ್ಲ. ಟ್ಯೂನ್ ಕಣ್ಣಿಗೆ ಕಾಣಲ್ಲ, ಹಾಗಾಗಿ ದಯವಿಟ್ಟು ಮೆಕ್ಯಾನಿಕ್ ಹತ್ರ ತೋರಿಸಿಯೇ ತಗೊಳ್ಳಿ.